ದ್ರಾಕ್ಷಿ ತೋಟದ ನಕ್ಷೆಯೂ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ನೀರೂ

ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಕೆಲವರು ಗೊಬ್ಬರ, ಮೈಲುತುತ್ತಗಳ ಲೆಕ್ಕ ಮುಗಿದ ಮೇಲೆ ಕೈಚೀಲದಿಂದ ಬಣ್ಣದ ನಕ್ಷೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡುವುದು ಇತ್ತೀಚೆಗೆ ಸಾಮಾನ್ಯವಾಗಿದೆ. ನಕ್ಷೆ ಮಲೆನಾಡಿನದಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳದ್ದು. ಹಸಿರು ಬಳಿದ ಕಡೆ ದ್ರಾಕ್ಷಿ ತೋಟ ಮಾಡಬಹುದು, ಹಳದಿ ಇದ್ದಲ್ಲಿ ಯೋಚಿಸಿ ಮಾಡಬಹುದು, ಕೆಂಪು ಇದ್ದಲ್ಲಿ ಬೇಡ ಎಂದು ಅದರ ಮೂಲೆಯಲ್ಲಿ ಸೂಚನೆ ಇರುತ್ತದೆ. ತಾವು ನೋಡಿಟ್ಟಿರುವ ಸರ್ವೆ ನಂಬರು ಹಸಿರಿನಲ್ಲಿದೆ, ಸಂಘದ ಅಭಿಪ್ರಾಯವೇನು ಎಂಬುದು ಅವರ ಪ್ರಶ್ನೆ. ಒಬ್ಬೊಬ್ಬರಿಗೂ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಎಲ್ಲ ಸದಸ್ಯ ಬಾಂಧವರಿಗೂ ಒಮ್ಮೆ ಬರೆದು ತಿಳಿಸುವುದು ಮೇಲೆಂದು ಈ ಲೇಖನ.

ಮಲೆನಾಡಿನ ಬೆಳೆಗಾರನಿಗೆ ಬಯಲುಸೀಮೆಯ ದ್ರಾಕ್ಷಿಯ ಮೇಲೆ ಕಣ್ಣು ಏಕೆ ಬಿತ್ತು ಎಂದು ಕೇಳುವ ಅಗತ್ಯವಿಲ್ಲ. ಅಡಿಕೆಗೆ ಕೊಳೆರೋಗ ಹಳೆಯದು. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ ಸೀಮೆಯನ್ನು ದಶಕಗಳಿಂದ ತಿನ್ನುತ್ತಿದೆ. ಅದರ ಮೇಲೆ ಈಗ ಎಲೆಚುಕ್ಕಿ ರೋಗ. ಕಾಫಿ ಕೊಯ್ಲಿಗೆ ಆಳು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನಿಗೆ ಘಟ್ಟದ ತೋಟಕ್ಕಿಂತ ಹೆದ್ದಾರಿಯ ಬದಿಯ ಹತ್ತು ಎಕರೆ ಹೆಚ್ಚು ಅನುಕೂಲವೆಂದು ತೋರುತ್ತದೆ. 2020ರ ತಿದ್ದುಪಡಿಯ ನಂತರ ಜಮೀನು ಕೊಳ್ಳುವುದಕ್ಕೆ ಹಿಂದಿದ್ದ ಅಡ್ಡಿಗಳೂ ಕಡಿಮೆಯಾಗಿವೆ. ಬಳ್ಳಾರಿಯಿಂದ ಹಿರಿಯೂರಿಗೆ ಹೋಗುವ 150-ಎ ಹೆದ್ದಾರಿ ಎರಡು ತಾಲ್ಲೂಕುಗಳನ್ನೂ ಹಾದುಹೋಗುತ್ತದೆ. ಇವೆಲ್ಲ ಸರಿಯಾದ ಕಾರಣಗಳೇ.

ನಕ್ಷೆ ನೋಡಿ ಜಾಗ ಆರಿಸುವ ಕ್ರಮವನ್ನು ನಾವು ವಿರೋಧಿಸುವವರಲ್ಲ. ಅರೇಬಿಕಾ ಸಾವಿರ ಮೀಟರಿನ ಮೇಲೆ, ರೊಬಸ್ಟ ಅದರ ಕೆಳಗೆ ಎಂಬ ತಿಳಿವಳಿಕೆಯೇ ಒಂದು ನಕ್ಷೆ. ನಮ್ಮ ಹಿರಿಯರು ಅದನ್ನು ಕಾಗದದ ಮೇಲೆ ಬರೆಯದೆ ಇಟ್ಟುಕೊಂಡಿದ್ದರು, ಅಷ್ಟೆ. ಈಗ ಉಪಗ್ರಹದ ಚಿತ್ರ, ಭೂಮಾಪನದ ಹಾಳೆ, ಮಣ್ಣಿನ ಸಮೀಕ್ಷೆ, ಮಳೆಯ ಅಂಕಿ ಇವನ್ನೆಲ್ಲ ಒಂದರ ಮೇಲೊಂದು ಪದರಗಳಾಗಿ ಗಣಕಯಂತ್ರದಲ್ಲಿ ಜೋಡಿಸಿ ನೋಡುವ ಜಿ.ಐ.ಎಸ್. ವಿಧಾನ ಬಂದಿದೆ. ಈ ಕೆಲಸಕ್ಕೆಂದೇ 1986ರಲ್ಲಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಆರಂಭವಾಯಿತು. 1988ರಲ್ಲಿ ಬರ ಪರಿಸ್ಥಿತಿ ಗಮನಿಸುವ ಘಟಕ ಬಂತು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಮತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಮಳೆಮಾಪಕಗಳಿವೆ. 2001ರಿಂದ 2009ರವರೆಗೆ ನಡೆದ ಮೊದಲ ಸುಜಲಾ ಜಲಾನಯನ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಯೂ ಇತ್ತು. ನಂತರದ ಸುಜಲಾ-3ರಲ್ಲಿ, ಬೇರೆ ಜಿಲ್ಲೆಗಳಲ್ಲಿ, ಗ್ರಾಮನಕ್ಷೆಯ 1:7,920 ಪ್ರಮಾಣದಲ್ಲೇ, ಅಂದರೆ ಮೈಲಿಗೆ ಎಂಟು ಅಂಗುಲದ ಲೆಕ್ಕದಲ್ಲಿ, ಸರ್ವೆ ನಂಬರುವಾರು ಮಣ್ಣಿನ ಆಳ, ಇಳಿಜಾರು, ಕಲ್ಲಿನಂಶಗಳನ್ನು ಗುರುತಿಸಲಾಯಿತು. ದಿಶಾಂಕ್ ಎಂಬ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಯಾವುದೆಂದು ಯಾವ ರೈತ ಬೇಕಾದರೂ ನೋಡಬಹುದು. ಸಾರ್ವಜನಿಕ ಹಣದಿಂದ ಆದ ಇಷ್ಟು ಕೆಲಸ ಕೈಗೆಟುಕುವಂತಿರುವಾಗ ಖಾಸಗಿ ಸಲಹೆಗಾರರ ಬಣ್ಣದ ಹಾಳೆಗೆ ದೊಡ್ಡ ಮೊತ್ತ ಕೊಡಬೇಕೆ ಎಂಬುದೇ ನಮ್ಮ ಮೊದಲ ಸಂಶಯ.

ಎರಡನೆಯ ಸಂಶಯ ಆ ಹಾಳೆಯೊಳಗಿನ ಲೆಕ್ಕದ ಬಗ್ಗೆ.

ನಮಗೆ ತೋರಿಸಿದ ನಕ್ಷೆಗಳಲ್ಲಿ ಬಹಳಷ್ಟು ಹೊರದೇಶದ ಮಾದರಿಯವು. ಅಲ್ಲಿ ದ್ರಾಕ್ಷಿಗೆ ಜಾಗ ಹುಡುಕುವವನ ಮೊದಲ ಚಿಂತೆ ಬಿಸಿಲು ಸಾಲದೆ ಹೋದೀತೆಂಬುದು. ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಹೆಚ್ಚು ಅಂಕ, ಹಿಮ ಬೀಳುವ ತಗ್ಗಿಗೆ ಕಡಿಮೆ ಅಂಕ. ಕ್ಯಾಲಿಫೋರ್ನಿಯಾದ ಅಮರೈನ್ ಮತ್ತು ವಿಂಕ್ಲರ್ 1944ರಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳಲ್ಲಿ 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿನ ಶಾಖವನ್ನು ದಿನದಿನವೂ ಕೂಡಿಸಿ ದ್ರಾಕ್ಷಿ ಸೀಮೆಗಳನ್ನು ಐದು ವರ್ಗ ಮಾಡಿದರು. ಅತಿ ಬಿಸಿಯಾದ ಐದನೆಯ ವರ್ಗ ಆರಂಭವಾಗುವುದು ಸುಮಾರು 2,200ರ ಮೇಲೆ. ಚಳ್ಳಕೆರೆಯಲ್ಲಿ ದಿನದ ಸರಾಸರಿ ಶಾಖ 26 ಡಿಗ್ರಿ ಎಂದು ಹಿಡಿದರೂ ದಿನಕ್ಕೆ 16ರಂತೆ 214 ದಿನಕ್ಕೆ 3,400 ದಾಟುತ್ತದೆ. ಅಂದರೆ ಎರಡೂ ತಾಲ್ಲೂಕುಗಳ ಒಂದೊಂದು ಗುಂಟೆಯೂ ಆ ಅಳತೆಗೋಲಿನ ಆಚೆಗಿದೆ. ಊರಿಗೆಲ್ಲ ಒಂದೇ ಬಣ್ಣ ಬಳಿಯುವ ಪದರದಿಂದ ಜಾಗ ಆರಿಸಲು ಆಗುವುದಿಲ್ಲ. ಅಷ್ಟೇ ಅಲ್ಲ, ಅಲ್ಲಿ ಬಳ್ಳಿ ಚಳಿಗಾಲವೆಲ್ಲ ಮಲಗಿ ವರ್ಷಕ್ಕೊಮ್ಮೆ ಚಿಗುರುತ್ತದೆ. ನಮ್ಮಲ್ಲಿ ಮಲಗುವುದೇ ಇಲ್ಲ. ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಒಮ್ಮೆ ಸವರಿ, ನಾವೇ ಅದಕ್ಕೆ ಋತು ಕಟ್ಟಿಕೊಡಬೇಕು. ವಿಜಯಪುರದ ಬೆಳೆಗಾರರು ಚಾಟ್ನಿ ಎನ್ನುವುದು ಇದನ್ನೇ. ಈ ಒಂದು ಭೇದ ತಿಳಿಯದ ನಕ್ಷೆ ಬೇರೆ ಯಾವುದನ್ನೂ ತಿಳಿಯದು.

ಅದಕ್ಕಿಂತ ದೊಡ್ಡ ದೋಷ ಅಂಕಗಳನ್ನು ಕೂಡಿಸುವ ರೀತಿಯಲ್ಲಿದೆ. ಮಣ್ಣಿಗೆ ಮೂವತ್ತು, ಇಳಿಜಾರಿಗೆ ಇಪ್ಪತ್ತು, ಹವೆಗೆ ಇಪ್ಪತ್ತು, ರಸ್ತೆಗೆ ಹದಿನೈದು, ನೀರಿಗೆ ಹದಿನೈದು ಎಂದು ಹಂಚಿ, ಒಟ್ಟು ಅರವತ್ತು ಬಂದರೆ ಹಸಿರು ಬಳಿಯುತ್ತಾರೆ. ಸದಸ್ಯರೇ ಯೋಚಿಸಿ ನೋಡಬೇಕು. ನೀರಿಗೆ ಸೊನ್ನೆ ಬಂದ ಹೊಲವೂ ಈ ಲೆಕ್ಕದಲ್ಲಿ ಎಂಬತ್ತೈದರವರೆಗೆ ಪಡೆದು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಬಹುದು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ನಪಾಸಾದ ಹುಡುಗನನ್ನು ಕನ್ನಡದ ಅಂಕ ಚೆನ್ನಾಗಿದೆಯೆಂದು ಯಾರೂ ಪಾಸು ಮಾಡುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರಲ್ಲಿ ಪ್ರಕಟಿಸಿದ ಭೂಮಿಯ ಯೋಗ್ಯತಾ ವರ್ಗೀಕರಣದಲ್ಲಿ ಸೂಕ್ತ ಭೂಮಿಗೆ ಮೂರು ದರ್ಜೆ, ಅಸೂಕ್ತಕ್ಕೆ ಎರಡು. ನಮ್ಮ ಮಣ್ಣು ಸಮೀಕ್ಷೆಯವರು ಅದನ್ನೇ ಬಳಸುತ್ತಾರೆ, ಮತ್ತು ಎಲ್ಲಕ್ಕಿಂತ ಕೆಟ್ಟದಾದ ಒಂದು ಮಿತಿಯನ್ನು ನೋಡಿಯೇ ಭೂಮಿಗೆ ದರ್ಜೆ ಕೊಡುತ್ತಾರೆ. ಅದೇ ನ್ಯಾಯವಾದ ಕ್ರಮ. ಚಳ್ಳಕೆರೆ–ಮೊಳಕಾಲ್ಮೂರಿನಲ್ಲಿ ನೀರಿಗೆ ಅಂಕವನ್ನೇ ಕೊಡಕೂಡದು. ನೀರಿನ ಪದರವನ್ನು ಮೊದಲು ಹರಡಿ, ಅದರಲ್ಲಿ ಉಳಿದ ಜಮೀನುಗಳಿಗೆ ಮಾತ್ರ ಮಿಕ್ಕ ಪರೀಕ್ಷೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈ ಸೀಮೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್. ಅಂದರೆ ನಮ್ಮ ಮಾತಿನಲ್ಲಿ ಇಪ್ಪತ್ತು ಇಂಚು. ನಮ್ಮ ಘಟ್ಟದ ತೋಟಗಳಲ್ಲಿ ಆಷಾಢದ ಕೆಲವು ವಾರಗಳಲ್ಲಿ ಬೀಳುವ ಮಳೆ ಅಲ್ಲಿ ವರ್ಷಕ್ಕೆ. ಶೇಂಗಾ ಈ ಮಳೆಯನ್ನು ನಂಬಿ ಬದುಕಿದ ಬೆಳೆ, ಅದರಿಂದಲೇ ಚಳ್ಳಕೆರೆಗೆ ಎಣ್ಣೆ ಗಿರಣಿಗಳ ಊರೆಂಬ ಹೆಸರು ಬಂತು. ದ್ರಾಕ್ಷಿ ಹಾಗಲ್ಲ. ಎಕರೆಗೆ 100 ಮಿಲಿಮೀಟರ್ ನೀರು ಕೊಡುವುದೆಂದರೆ ಸುಮಾರು 4 ಲಕ್ಷ ಲೀಟರ್, ಐದು ಸಾವಿರ ಲೀಟರಿನ ಎಂಬತ್ತು ಟ್ಯಾಂಕರ್. ಹನಿ ನೀರಾವರಿಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಹಿಡಿದರೂ ಹತ್ತು ಎಕರೆಗೆ ಎರಡು ಕೋಟಿ ಲೀಟರ್. ಇದು ಬರುವುದು ಕೊಳವೆಬಾವಿಯಿಂದ. ಚಳ್ಳಕೆರೆ ತಾಲ್ಲೂಕನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿ ಬಳಕೆಯ ಪಟ್ಟಿಗೆ ಸೇರಿಸಿದೆ. ಮಳೆಯಿಂದ ಭೂಮಿಗೆ ಇಳಿಯುವುದಕ್ಕಿಂತ ಹೆಚ್ಚು ನೀರು ಎತ್ತಲಾಗುತ್ತಿದೆ ಎಂದು ಇದರ ಅರ್ಥ. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಹೊಸ ಬಾವಿ ಕೊರೆಸಲು ಅನುಮತಿಯೂ ಬೇಕು. ನಾವು ಅಲ್ಲಿ ಹೋಗಿ ಎತ್ತುವ ನೀರು ಪಕ್ಕದ ಶೇಂಗಾ ಬೆಳೆಗಾರನ ಬಾವಿಯದೂ ಹೌದು, ಊರಿನ ಕುಡಿಯುವ ನೀರಿನದೂ ಹೌದು. ಘಟ್ಟದಲ್ಲಿ ಹಳ್ಳದ ನೀರಿಗೆ ಮೇಲಿನವನಿಗೂ ಕೆಳಗಿನವನಿಗೂ ಆಗುವ ಜಗಳ ಕಣ್ಣಿಗೆ ಕಾಣುತ್ತದೆ. ಭೂಮಿಯೊಳಗಿನದು ಕಾಣುವುದಿಲ್ಲ.

ನೀರಿನ ಗುಣವೂ ನೋಡಬೇಕು. ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಎಲ್ಲರೂ ಬಲ್ಲ ಸಂಗತಿ. ಬಳ್ಳಿಗೆ ಅದಕ್ಕಿಂತ ಉಪ್ಪಿನ ಕಾಟ ಹೆಚ್ಚು. ಉಪ್ಪುನೀರನ್ನು ಹನಿಹನಿಯಾಗಿ ಒಂದೇ ಜಾಗಕ್ಕೆ ವರ್ಷಗಟ್ಟಲೆ ಕೊಟ್ಟು, ತೊಳೆದುಹೋಗುವಷ್ಟು ಮಳೆ ಬೀಳದಿದ್ದರೆ ಬೇರಿನ ಸುತ್ತ ಚೌಳು ಕಟ್ಟುತ್ತದೆ. ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಜಿಲ್ಲೆಗಳಲ್ಲೂ ಡಾಗ್‌ರಿಡ್ಜ್ ಎಂಬ ಬೇರುಸಸಿಗೆ ಕಸಿ ಮಾಡಿ ನೆಡುವುದು ರೂಢಿಗೆ ಬಂದದ್ದು ಬರ ಮತ್ತು ಉಪ್ಪು ಎರಡರ ಕಾಟದಿಂದಲೇ. ಬೇರುಸಸಿ ಸಹಾಯ ಮಾಡುತ್ತದೆ, ಇಲ್ಲದ ನೀರನ್ನು ತರುವುದಿಲ್ಲ.

ಇನ್ನು ಮಳೆಯ ತಿಂಗಳು. ಇದನ್ನು ಯಾವ ನಕ್ಷೆಯಲ್ಲೂ ನಾವು ಕಾಣಲಿಲ್ಲ. ಎರಡೂ ತಾಲ್ಲೂಕುಗಳಲ್ಲಿ ವರ್ಷದ ಜೋರು ಮಳೆ ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಹಣ್ಣಿನ ಫಸಲಿಗಾಗಿ ಬಳ್ಳಿ ಸವರುವ ಕಾಲವೂ ಅದೇ. ಹೊಸ ಚಿಗುರು, ಹೂಗೊಂಚಲು ಬರುವ ಹೊತ್ತಿಗೆ ಎಲೆ ಒದ್ದೆಯಾಗಿದ್ದರೆ ಡೌನಿ ಎನ್ನುವ ಬೂಜು ತುಪ್ಪಟ ರೋಗ ಎರಗುತ್ತದೆ. ಇಲ್ಲಿ ನಮ್ಮ ಅಡಿಕೆ ಬೆಳೆಗಾರರಿಗೆ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ಇದೇ ರೋಗ ಅಮೆರಿಕದಿಂದ 1878ರ ಸುಮಾರಿಗೆ ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಿಗೆ ಬಂದಾಗ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಪರಿಚಯಿಸಿದರು. ಬೋರ್ಡೋ ಸೀಮೆಯಲ್ಲಿ ಹುಟ್ಟಿದ ಕಾರಣ ಅದು ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ತೋರಿಸಿದರು. ಮಳೆಗಾಲದ ಮುನ್ನ ಮರ ಹತ್ತಿ ಔಷಧಿ ಹೊಡೆಸುವ ನಮ್ಮ ಪದ್ಧತಿ ದ್ರಾಕ್ಷಿಯಿಂದ ಪಡೆದ ಸಾಲ. ಆದ್ದರಿಂದ ದ್ರಾಕ್ಷಿಯಲ್ಲಿ ಔಷಧಿಯ ಖರ್ಚೆಂದರೆ ಏನೆಂದು ನಮ್ಮವರಿಗೆ ಬೇಗ ಅರ್ಥವಾಗಬೇಕು. ಅಡಿಕೆಗೆ ಎರಡು ಮೂರು ಸಲ ಹೊಡೆಸಿ ನಿಟ್ಟುಸಿರು ಬಿಡುವವರು ಅಲ್ಲಿ ಅದಕ್ಕಿಂತ ಹಲವು ಪಟ್ಟು ಸಲ ಹೊಡೆಯಬೇಕಾದೀತು. ಗಾಳಿಯಾಡುವ ಏರುಜಾಗದಲ್ಲಿ ಎಲೆ ಬೇಗ ಒಣಗುತ್ತದೆ, ತಗ್ಗಿನಲ್ಲಿ ಬೆಳಗಿನ ಇಬ್ಬನಿ ಹತ್ತು ಗಂಟೆಯವರೆಗೂ ನಿಲ್ಲುತ್ತದೆ. ಇಳಿಜಾರಿನ ಪದರ ನಮಗೆ ಬೇಕಾದದ್ದು ಇದಕ್ಕೆ, ಬಿಸಿಲಿಗಲ್ಲ.

ನಕ್ಷೆಯ ಚೌಕದ ವಿಚಾರ. ಎತ್ತರ ತಿಳಿಸುವ ಉಪಗ್ರಹದ ಪದರದಲ್ಲಿ ಸಾಮಾನ್ಯವಾಗಿ ಒಂದು ಚೌಕ 30 ಮೀಟರಿಗೆ 30 ಮೀಟರ್. ಒಂದು ಎಕರೆಗೆ ಇಂಥವು ನಾಲ್ಕೂವರೆ. ಅದು ಸಾಕು. ಆದರೆ ಹವಾಮಾನ ಇಲಾಖೆಯ ಮಳೆಯ ಪದರದಲ್ಲಿ ಒಂದು ಚೌಕದ ಬದಿ ಸುಮಾರು 27 ಕಿಲೋಮೀಟರ್. ನಾಯಕನಹಟ್ಟಿಯ ಕೆರೆ ಏರಿಯ ಮೇಲೆ ಸುರಿದ ಮಳೆ ಎರಡು ಮೈಲಿ ಆಚೆ ಧೂಳನ್ನೂ ಅಡಗಿಸದೆ ಹೋಗುವ ಸೀಮೆ ಅದು. ಗಣಕಯಂತ್ರ ದೊಡ್ಡ ಚೌಕವನ್ನು ಕತ್ತರಿಸಿ ಸಣ್ಣ ಚೌಕಗಳಿಗೆ ಹಂಚಿ, ಎಲ್ಲವೂ ಒಂದೇ ನಯದಲ್ಲಿ ಅಳೆದಂತೆ ತೋರಿಸುತ್ತದೆ. ನಮ್ಮ ಕಾಫಿ ಬೆಳೆಗಾರರು ಹೂಮಳೆಯನ್ನು ಇಂಚು, ಸೆಂಟುಗಳಲ್ಲಿ ತಮ್ಮ ಅಂಗಳದಲ್ಲೇ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ, ಪಕ್ಕದ ಎಸ್ಟೇಟಿನ ಅಂಕಿಯನ್ನು ನಂಬುವುದಿಲ್ಲ. ಇಲ್ಲಿ ಅಷ್ಟು ಜಾಗರೂಕರಾದವರು ಅಲ್ಲಿ ಹೋಗಿ 27 ಕಿಲೋಮೀಟರಿನ ಚೌಕವನ್ನು ನಂಬುವುದು ವಿಚಿತ್ರ.

ನಕ್ಷೆಗೆ ತಾರೀಖೂ ಇರಬೇಕು. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಮತ್ತೆ ತುಂಬಿತು. ವೇದಾವತಿಯ ದಂಡೆಯ ಕಪ್ಪು ಮಣ್ಣಿನ ಹೊಲವನ್ನು 2018ರ ಅಂಕಿಯಿಂದ ನೋಡಿದರೆ ಬರದ ಭೂಮಿ, 2022ರ ಅಂಕಿಯಿಂದ ನೋಡಿದರೆ ನೆರೆಯ ಭೂಮಿ. ಎರಡೂ ಸತ್ಯ. ಹತ್ತು ಹದಿನೈದು ವರ್ಷ ನಿಲ್ಲಬೇಕಾದ ಬಳ್ಳಿ ಎರಡನ್ನೂ ಕಾಣಬೇಕಾಗುತ್ತದೆ. ಜಮೀನು ಮಾರುವವರು ತುಂಬಿದ ಬಾವಿಯನ್ನು ತೋರಿಸುವ ಈ ದಿನಗಳಲ್ಲಿ, 2018 ಮತ್ತು 2023ರ ಬರಗಳಲ್ಲಿ ಆ ಬಾವಿ ಮೇ ತಿಂಗಳಲ್ಲಿ ಎಷ್ಟು ಹೊತ್ತು ನೀರು ಕೊಟ್ಟಿತು ಎಂದು ಅಕ್ಕಪಕ್ಕದ ನಾಲ್ಕು ಜನರನ್ನು ಕೇಳಿ ಬರೆದುಕೊಳ್ಳುವುದು ಅತ್ಯವಶ್ಯ.

ಭದ್ರಾ ಮೇಲ್ದಂಡೆ ಯೋಜನೆಯ ಮಾತು ಬಾರದೆ ಈಗ ಅಲ್ಲಿ ಯಾವ ಜಮೀನಿನ ವ್ಯವಹಾರವೂ ಮುಗಿಯುವುದಿಲ್ಲ. ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ ಉದ್ದೇಶದ ಯೋಜನೆ ಅದು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿಯ ನೆರವು ಘೋಷಣೆಯಾಯಿತು. ಆ ಸೀಮೆಯ ರೈತರು ದಶಕಗಳಿಂದ ಹೋರಾಡಿ ಕೇಳಿದ ನೀರು ಅದು. ಬರಲಿ ಎಂದೇ ನಮ್ಮ ಹಾರೈಕೆ. ಆದರೆ ಕಾಲುವೆಯ ಗೆರೆ ನಕ್ಷೆಯ ಮೇಲಿದೆಯೆಂದು ಆ ಹೊಲಕ್ಕೆ ನೀರಿದೆ ಎಂದು ಬರೆಯುವ ಸಲಹೆಗಾರರನ್ನು ನಾವು ನೋಡಿದ್ದೇವೆ. ಹೊಲದ ಬದುವಿಗೆ ನೀರು ಮುಟ್ಟಿದ ದಿನ ಆ ಹೊಲವನ್ನು ಪದರಕ್ಕೆ ಸೇರಿಸಿದರೆ ಸಾಕು. ಅಲ್ಲದೆ ಅಲ್ಲಿಯ ಕೆರೆಗಳೂ ಸಣ್ಣ ರೈತರೂ ಆ ನೀರಿಗೆ ಮೊದಲ ಹಕ್ಕುದಾರರು. ಹೊರಗಿನಿಂದ ಬಂದವರು ಸಾಲಿನ ಕೊನೆಯಲ್ಲಿ ನಿಲ್ಲುವುದು ಮರ್ಯಾದೆ.

ಈಗ ನಮಗೆ ಅತ್ಯಂತ ಚಿಂತೆ ತಂದಿರುವ ವಿಷಯಕ್ಕೆ ಬರುತ್ತೇವೆ. ನಕ್ಷೆಗಳಲ್ಲಿ ‘ಪಾಳು’ ಅಥವಾ ‘ಬೀಳು’ ಎಂದು ತೋರಿಸಿದ ವಿಶಾಲ ಬಯಲುಗಳಿವೆ. ಕಲ್ಲು ಕಡಿಮೆ, ಇಳಿಜಾರು ಹದ, ರಸ್ತೆ ಹತ್ತಿರ, ಮನೆಗಳಿಲ್ಲ. ಗಣಕಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಆದರೆ ಚಳ್ಳಕೆರೆಯಲ್ಲಿ ಇಂಥ ಬಯಲಿಗೆ ಜನ ಇಟ್ಟ ಹೆಸರು ಕಾವಲು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದ ಅಮೃತಮಹಲ್ ಎಂದು ಚರಿತ್ರೆ ಇರುವ ಹುಲ್ಲುಗಾವಲುಗಳು ಅವು. ಸುತ್ತಲಿನ ಹಳ್ಳಿಗಳ ದನ, ಕುರಿ ಮೇಯುವುದು ಅಲ್ಲಿ. ಚಳ್ಳಕೆರೆಯ ಕಂಬಳಿಯ ಉಣ್ಣೆ ಆ ಹುಲ್ಲಿನದು. ಕಳೆದ ದಶಕದ ಮೊದಲ ವರ್ಷಗಳ ಸುಮಾರಿಗೆ ಕುದಾಪುರ, ಉಳ್ಳಾರ್ತಿ ಕಡೆಯ ಸುಮಾರು ಹತ್ತು ಸಾವಿರ ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ಬೇಲಿ ಎದ್ದ ಮೇಲೆಯೇ ಅನೇಕ ಕುರಿಗಾರರಿಗೆ ವಿಷಯ ತಿಳಿದದ್ದು, ಮತ್ತು ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ಎಲ್ಲರಿಗೂ ಗೊತ್ತಿದೆ. ದೇಶದ ಅಗತ್ಯದ ಸಂಸ್ಥೆಗಳ ವಿಷಯ ಬೇರೆಯೇ ಇರಲಿ. ಹತ್ತು ಎಕರೆ ದ್ರಾಕ್ಷಿಗಾಗಿ ನಮ್ಮ ಸಂಘದ ಸದಸ್ಯರೊಬ್ಬರು ಕುರಿ ಹಾದಿಗೆ ಮುಳ್ಳುತಂತಿ ಎಳೆದರೆ ಸಂಘ ಅವರ ಜೊತೆ ನಿಲ್ಲುವುದಿಲ್ಲ.

ಅದರಂತೆಯೇ ಮಂಜೂರಿ ಜಮೀನುಗಳು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯ ಪರಭಾರೆಯನ್ನು 1978ರ ಕಾಯ್ದೆ ನಿರ್ಬಂಧಿಸುತ್ತದೆ. ಈ ಎರಡು ತಾಲ್ಲೂಕುಗಳಲ್ಲಿ ಈ ಸಮುದಾಯಗಳ ಜನಸಂಖ್ಯೆ ದೊಡ್ಡದು. ಮಧ್ಯವರ್ತಿಗಳು ಕಡಿಮೆ ಬೆಲೆಗೆ ತೋರಿಸುವ ಹೊಲ ಅಂಥದ್ದೇ ಆಗಿರುವ ಸಂಭವವನ್ನು ಮೊದಲು ಪರಿಶೀಲಿಸಬೇಕು. ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ಒಳಗೆ ಕಟ್ಟಡ ಕೂಡದು, ಅದರಾಚೆಯ ಇನ್ನೂರು ಮೀಟರಿಗೆ ಅನುಮತಿ ಬೇಕು. ಇದಕ್ಕೂ ಒಂದು ಪದರ ಬೇಕಾಗುತ್ತದೆ.

ಇಷ್ಟೆಲ್ಲ ಹೇಳಿ ಅಲ್ಲಿ ದ್ರಾಕ್ಷಿ ಆಗುವುದಿಲ್ಲವೆಂದು ನಾವು ಬರೆಯುತ್ತಿಲ್ಲ. ವಿಜಯಪುರವೂ ಸುಮಾರು ಇದೇ ಎತ್ತರದ, ಇದೇ ಬಗೆಯ ಒಣ ಸೀಮೆ. ರಾಜ್ಯದ ದ್ರಾಕ್ಷಿಯ ದೊಡ್ಡ ಪಾಲು ಬರುವುದು ಅಲ್ಲಿಂದ ಮತ್ತು ನೆರೆಯ ಬಾಗಲಕೋಟೆ, ಬೆಳಗಾವಿಗಳಿಂದ. ಹಂಪಿ ಸೀಮೆಯ ಕಲ್ಲುಗುಡ್ಡಗಳ ನಡುವೆಯೂ ವೈನ್ ದ್ರಾಕ್ಷಿ ಬೆಳೆದಿದ್ದಾರೆ. ನಂದಿಯ ಸುತ್ತಿನ ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಕವೇ ದೊರೆತಿದೆ, ಆದರೆ ಅದು 900 ಮೀಟರಿನ ತಂಪು ಹವೆಯದು, ನಮಗೆ ಮಾದರಿಯಾಗಲಾರದು. ವೈನ್ ಉದ್ಯಮಕ್ಕೆ 2007ರಲ್ಲಿ ರಾಜ್ಯ ನೀತಿ ಬಂದದ್ದು ನಿಜ, ಆದರೂ ಕೊಳ್ಳುವವರು ಕೆಲವೇ ಮಂದಿ. ಕೈಯಲ್ಲಿ ಒಪ್ಪಂದದ ಕಾಗದ ಇಲ್ಲದೆ ಆ ತಳಿ ನೆಡಬಾರದು. ಹಣ್ಣಿಗೂ ಒಣದ್ರಾಕ್ಷಿಗೂ ಆಗುವ ತಳಿಯಾದರೆ ಬೆಲೆ ಬಿದ್ದ ವರ್ಷ ಒಂದು ದಾರಿಯಾದರೂ ಉಳಿಯುತ್ತದೆ. ದಾಳಿಂಬೆಯ ಬೆಲೆ ನೋಡಿ ಎಲ್ಲರೂ ಒಂದೇ ಸಲ ನುಗ್ಗಿ, ದುಂಡಾಣು ಅಂಗಮಾರಿ ರೋಗ ಬಂದಾಗ ಬಯಲುಸೀಮೆಯ ರೈತರು ಸಾಲಸಮೇತ ಗಿಡ ಕಿತ್ತದ್ದು ಬಹಳ ಹಿಂದಿನ ಮಾತಲ್ಲ. ಶೇಂಗಾ ಹೋದರೆ ಒಂದು ವರ್ಷ ಹೋಗುತ್ತದೆ. ದ್ರಾಕ್ಷಿಗೆ ಮೊದಲ ಗೊಂಚಲು ಕಾಣುವ ಮೊದಲೇ ಕಲ್ಲು ಕಂಬ, ತಂತಿ, ಹನಿ ಕೊಳವೆ, ಕಸಿ ಸಸಿ ಎಲ್ಲಕ್ಕೂ ಹಣ ಸುರಿದಿರಬೇಕು.

ನಕ್ಷೆಯಿಂದ ಬೇಡದ ಜಾಗಗಳನ್ನು ತೆಗೆದುಹಾಕಿದ ಮೇಲೆ ಉಳಿದ ಎರಡು ಮೂರು ಹೊಲಗಳಲ್ಲಿ ಗುಂಡಿ ತೋಡಲೇಬೇಕು. ಎಕರೆಗೆ ಒಂದಾದರೂ, ಆಳು ಎದೆಮಟ್ಟ ಇಳಿಯುವಷ್ಟು. ಮೇಲೆ ಒಂದು ಅಡಿ ಒಳ್ಳೆಯ ಕೆಂಪು ಮಣ್ಣು, ಕೆಳಗೆ ಸುಣ್ಣದ ಕಲ್ಲಿನ ಹಾಸು ಇರುವ ಹೊಲ ಉಪಗ್ರಹಕ್ಕೆ ಮೇಲಿನ ಒಂದು ಅಡಿಯನ್ನು ಮಾತ್ರ ತೋರಿಸುತ್ತದೆ. ಗುಂಡಿಗೆ ನಾಲ್ಕು ಕೊಡ ನೀರು ಸುರಿದು ಮರುದಿನ ಬೆಳಿಗ್ಗೆ ನೋಡಿದರೆ ಬಸಿಯುವ ಮಣ್ಣು ಯಾವುದು, ಹಿಡಿದಿಡುವ ಮಣ್ಣು ಯಾವುದು ಎಂದು ಗೊತ್ತಾಗುತ್ತದೆ.

ಸಂಘದ ಕಡೆಯಿಂದ ನಾವು ಮಾಡಬಹುದಾದದ್ದು ಇಷ್ಟು. ಒಬ್ಬೊಬ್ಬರೂ ಬೇರೆಬೇರೆಯಾಗಿ ಸಲಹೆಗಾರರಿಗೆ ಹಣ ಕೊಡುವ ಬದಲು ಆಸಕ್ತ ಸದಸ್ಯರು ತಮ್ಮ ಮನಸ್ಸಿನಲ್ಲಿರುವ ಗ್ರಾಮ, ಸರ್ವೆ ನಂಬರು, ಬಾವಿಯ ಆಳ ಇವನ್ನು ಕಾರ್ಯದರ್ಶಿಯವರ ಹೆಸರಿಗೆ ಬರೆದು ಕಚೇರಿಗೆ ಕೊಟ್ಟರೆ ಸರ್ಕಾರಿ ಮೂಲದ ಮಣ್ಣು, ಮಳೆ, ಅಂತರ್ಜಲದ ಅಂಕಿಗಳನ್ನು ಸಂಘವೇ ಒಟ್ಟಾಗಿ ತರಿಸಿ ಒಂದು ಕಡತದಲ್ಲಿ ಇಡುತ್ತದೆ, ಯಾವ ಸದಸ್ಯರೂ ನೋಡಬಹುದು. ನೀರಿನ ಮಾದರಿ ತರುವವರು ಪಂಪು ಅರ್ಧ ಗಂಟೆ ಓಡಿದ ಮೇಲೆ ಹಿಡಿದ ಒಂದು ಲೀಟರನ್ನು ಶುಭ್ರವಾದ ಬಾಟಲಿಯಲ್ಲಿ, ಗ್ರಾಮದ ಹೆಸರು ಮತ್ತು ತಾರೀಖು ಬರೆದು ತರಬೇಕು. ಸ್ಥಳ ನೋಡಲು ಹೋಗುವುದು ಮಳೆಗಾಲದ ನಂತರವಲ್ಲ, ಮೇ ತಿಂಗಳಲ್ಲಿ. ಹೋಗುವಾಗ ಆ ಊರಿನ ಶೇಂಗಾ ಬೆಳೆಗಾರರನ್ನೂ ಕುರಿಗಾರರನ್ನೂ ಕೂರಿಸಿಕೊಂಡು ಮಾತನಾಡುವುದಕ್ಕೆ ಒಂದು ದಿನ ಬೇರೆಯೇ ಇಟ್ಟುಕೊಳ್ಳಬೇಕಾಗಿ ಕೋರುತ್ತೇವೆ.